ಮೊದಲು ಟೇಪು, ಆಮೇಲೆ ಟಿಕೆಟ್: ಪುಟ್ಟ ಮಗುವಿನೊಂದಿಗೆ ಥೀಮ್ ಪಾರ್ಕಿಗೆ ಹೊರಟವರ ಖರ್ಚಿನ ಲೆಕ್ಕ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಏಳೆಂಟು ಗೆರೆಗಳಿವೆ. ಪ್ರತಿ ಗೆರೆಯ ಪಕ್ಕದಲ್ಲಿ ಒಂದು ತಾರೀಖು. ಮಗಳ ಎತ್ತರವನ್ನು ಹೀಗೆ ಗುರುತಿಸಲು ಶುರುಮಾಡಿದ್ದು ಬರಿಯ ಅಕ್ಕರೆಗೆ. ಈಗ ಆ ಚೌಕಟ್ಟು ನಮ್ಮ ಮನೆಯ ಪ್ರವಾಸದ ಲೆಕ್ಕಪುಸ್ತಕವೂ ಆಗಿದೆ.

ಅದಕ್ಕೆ ಕಾರಣವಾದ ದಿನ ಚೆನ್ನಾಗಿ ನೆನಪಿದೆ. ಒಂದು ಪಾರ್ಕಿಗೆ ಹೋಗಿದ್ದೆವು, ಹೆಸರು ಬೇಡ. ಮಗಳು ಆಗ 92 ಸೆಂಟಿಮೀಟರ್. ಹಣ ಕೊಟ್ಟು ಮಕ್ಕಳ ಟಿಕೆಟ್ ಕೊಂಡು ಒಳಗೆ ಹೋದೆವು. ಅವಳು ಬೆರಳು ತೋರಿಸಿದ ಮೊದಲ ನಾಲ್ಕು ಆಟಗಳಲ್ಲಿ ಮೂರರ ಮುಂದೆ ಇಷ್ಟಾದರೂ ಎತ್ತರವಿರಬೇಕೆಂದು ಕೈ ಚಾಚಿ ನಿಂತ ಕರಡಿಯ ಫಲಕವಿತ್ತು. ಮೂರು ಕಡೆಯೂ ಅವಳ ತಲೆ ಆ ಕೈಗಿಂತ ಕೆಳಗೆ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರಲ್ಲ, ಹಾಗೆ. ಆ ದಿನ ಅವಳು ಅತಿ ಹೆಚ್ಚು ಖುಷಿಪಟ್ಟದ್ದು ಶೌಚಾಲಯದ ಹೊರಗೆ ಆನೆಯ ಸೊಂಡಿಲಿನಂತೆ ಮಾಡಿಟ್ಟಿದ್ದ ಕೈತೊಳೆಯುವ ನಲ್ಲಿಯ ಹತ್ತಿರ. ನಲವತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಮೂರು ಟಿಕೆಟ್ಟಿನ ಹಣದಲ್ಲಿ ನಾವು ನೋಡಿದ್ದು ಒಂದು ನಲ್ಲಿ.

ಆಮೇಲೆ ನಾನು ಎರಡೇ ಅಳತೆಗಳಲ್ಲಿ ಲೆಕ್ಕ ಹಾಕುವುದನ್ನು ಕಲಿತೆ. ಒಂದು, ಮಗುವಿನ ಎತ್ತರ. ಇನ್ನೊಂದು, ಮಗು ಎಚ್ಚರವಿದ್ದು, ಹೊಟ್ಟೆ ತುಂಬಿದ್ದು, ಅಳದೆ ಆಡುವ ಗಂಟೆಗಳ ಸಂಖ್ಯೆ. ಪಾರ್ಕು ಏಳು ಗಂಟೆ ತೆರೆದಿದ್ದರೂ ಮೂರು ವರ್ಷದ ಮಗುವಿಗೆ ಅದರಲ್ಲಿ ಸಿಗುವುದು ನಾಲ್ಕು. ಮಿಕ್ಕದ್ದು ನಿದ್ದೆ, ಊಟ, ಬಟ್ಟೆ ಬದಲಾವಣೆ, ಸರದಿಯ ಸಾಲು, ಕಾರಣವೇ ತಿಳಿಯದ ರಂಪ.

ಎತ್ತರದ ಲೆಕ್ಕವನ್ನು ಮೊದಲು ನೋಡೋಣ. ಬೆಂಗಳೂರಿನ ಹತ್ತಿರ ಬಿಡದಿಯ ಬಳಿ ಇರುವ ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ, ವಯಸ್ಸು ಹನ್ನೊಂದೇ ಇರಲಿ, ದೊಡ್ಡವರ ದರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಎರಡು ವರ್ಷದ ಹೆಣ್ಣುಮಗುವಿನ ಮಧ್ಯಮ ಎತ್ತರ ಸುಮಾರು 86 ಸೆಂ.ಮೀ., ಮೂರಕ್ಕೆ 95, ನಾಲ್ಕಕ್ಕೆ 103ರ ಆಸುಪಾಸು, ಐದಕ್ಕೆ 109. ಗಂಡುಮಗು ಒಂದು ಸೆಂ.ಮೀ.ನಷ್ಟು ಮುಂದಿರಬಹುದು. ಅಂದರೆ ಎರಡನೆಯ ಹುಟ್ಟುಹಬ್ಬದ ಹೊತ್ತಿಗೆ ಮಗು ಟಿಕೆಟ್ಟಿನ ಗೆರೆ ದಾಟುತ್ತದೆ. ಆದರೆ ಆ ಟಿಕೆಟ್ಟಿನ ಬೆಲೆ ಗಿಟ್ಟುವಷ್ಟು ಆಡಲು ಇನ್ನೂ ಎರಡು, ಎರಡೂವರೆ ವರ್ಷ ಬೇಕು. 85ರಿಂದ 105ರವರೆಗಿನ ಈ ಅವಧಿಯನ್ನು ನಾನು ನಷ್ಟದ ಪಟ್ಟಿ ಎಂದು ಕರೆಯುತ್ತೇನೆ. ಕೆಳಗಿನ ಹೋಲಿಕೆಯಲ್ಲಿ ಹೆಚ್ಚಿನದು ಈ ಪಟ್ಟಿಯಲ್ಲಿರುವ ಮಗುವಿನ ಮನೆಯವರಿಗಾಗಿ.

ಬಿಡದಿಯ ಒಂದು ದಿನ

ಬೆಂಗಳೂರಿನವರ ಮನಸ್ಸಿಗೆ ಮೊದಲು ಬರುವುದು ಈ ವಂಡರ್‌ಲಾ. 2005ರಲ್ಲಿ ಶುರುವಾದ ಪಾರ್ಕು, ನಗರದಿಂದ ಸುಮಾರು 28 ಕಿ.ಮೀ. ಒಂದು ಸಲ ಟಿಕೆಟ್ ಕೊಂಡರೆ ಒಳಗಿನ ಆಟಗಳಿಗೆ ಬೇರೆ ಹಣವಿಲ್ಲ. ದರ ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು; ಟಿಕೆಟ್ಟಿನ ಮೇಲೆ 18 ಶೇಕಡಾ ಜಿಎಸ್‌ಟಿ. 2018ರ ಜನವರಿಗೆ ಮೊದಲು ಇದು 28 ಇತ್ತು ಎಂಬುದಷ್ಟೇ ಸಮಾಧಾನ. ಕಾಯದೆ ಹತ್ತಬಹುದಾದ ಫಾಸ್ಟ್ ಟ್ರ್ಯಾಕ್ ಟಿಕೆಟ್ಟೂ ಇದೆ. ಪುಟ್ಟ ಮಗುವಿರುವವರು ಅದನ್ನು ಕೊಳ್ಳಬೇಡಿ. ಉದ್ದದ ಸಾಲುಗಳಿರುವುದು ದೊಡ್ಡವರ ಆಟಗಳ ಮುಂದೆ, ಮಕ್ಕಳ ಆಟಗಳ ಮುಂದಲ್ಲ.

ದರ ಹಂಗಾಮಿಗೊಂದು ಆಗುವುದರಿಂದ ಲೆಕ್ಕದ ಅನುಕೂಲಕ್ಕೆ ದೊಡ್ಡವರಿಗೆ 1,500 ರೂಪಾಯಿ, ಮಗುವಿಗೆ 1,200 ಎಂದು ಹಿಡಿಯೋಣ. ಅಪ್ಪ, ಅಮ್ಮ, ಮಗು: 4,200. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಎಳೆಯ ಮಕ್ಕಳ ಆಹಾರಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಊಟ, ಸಂಜೆಯ ತಿಂಡಿ, ಐಸ್‌ಕ್ರೀಮಿಗೆ 1,500. ನೀರಿನ ಆಟಗಳಿಗೆ ಹತ್ತಿಬಟ್ಟೆ ನಡೆಯುವುದಿಲ್ಲ, ಈಜುಡುಗೆಯೇ ಆಗಬೇಕು. ಮನೆಯಲ್ಲಿ ಇಲ್ಲದಿದ್ದರೆ ಅದು, ಜೊತೆಗೆ ಲಾಕರ್ ಸೇರಿ 1,000. ಪೆಟ್ರೋಲ್, ಪಾರ್ಕಿಂಗ್ 800. ಒಟ್ಟು 7,500. ಮಗು ನಿಜವಾಗಿ ಆಡಿದ್ದು ನಾಲ್ಕು ಗಂಟೆ ಎಂದಾದರೆ ಗಂಟೆಗೆ 1,875 ರೂಪಾಯಿ.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಸೋರಿಕೆ ಇದೆ. ಅಪ್ಪ ದೊಡ್ಡ ಆಟಕ್ಕೆ ಹೋದಾಗ ಅಮ್ಮ ಮಗುವಿನೊಂದಿಗೆ ಕೆಳಗೆ ನಿಲ್ಲುತ್ತಾಳೆ. ಅಮ್ಮ ಹೋದಾಗ ಅಪ್ಪ. ಎರಡು ಟಿಕೆಟ್ ಕೊಂಡು ಒಂದು ಟಿಕೆಟ್ಟಿನಷ್ಟು ಆಡಿದ ಹಾಗಾಯಿತು. ಅದಕ್ಕೆ ಪರಿಹಾರವೆಂದು ಅಜ್ಜಿಯನ್ನು ಕರೆದೊಯ್ಯುವವರಿದ್ದಾರೆ. ಹಿರಿಯರಿಗೆ ರಿಯಾಯಿತಿ ಇದ್ದರೂ, ದುಡ್ಡು ಕೊಟ್ಟು ಒಳಗೆ ಹೋಗಿ, ಒದ್ದೆ ಬಟ್ಟೆಯ ಚೀಲ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂರುವ ಅಜ್ಜಿಯ ಮುಖ ನೋಡಿದರೆ ಆ ಉಪಾಯ ಯಾರಿಗೂ ಹೇಳಬೇಕೆನಿಸುವುದಿಲ್ಲ. ಬದಲಿಗೆ ಇನ್ನೊಂದು ಕುಟುಂಬದ ಜೊತೆ ಹೋಗಿ. ನಾಲ್ವರು ದೊಡ್ಡವರಲ್ಲಿ ಇಬ್ಬರು ಮಕ್ಕಳ ಜೊತೆ, ಇಬ್ಬರು ಆಟಕ್ಕೆ. ಸರದಿ ಬದಲಾಯಿಸಿಕೊಳ್ಳಬಹುದು, ಕಾರಿನ ಖರ್ಚೂ ಅರ್ಧವಾಗುತ್ತದೆ.

ಶಾಲೆಗೆ ಇನ್ನೂ ಸೇರದ ಮಗುವಿದ್ದರೆ ವಾರದ ದಿನವೇ ಹೋಗಬಹುದು. ಎಲ್‌ಕೆಜಿ ಶುರುವಾದ ಮೇಲೆ ಆ ಸೌಕರ್ಯ ಹೋಗುತ್ತದೆ. ಆದರೆ ಡಿಸೆಂಬರ್, ಜನವರಿಯ ವಾರದ ದಿನಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ, ಎಚ್ಚರ. ಕಾರಿಲ್ಲದವರಿಗೆ ಒಂದು ಲಾಭವೂ ಇದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಆರು ವರ್ಷದೊಳಗಿನ ಮಗುವಿಗೂ ಇಲ್ಲ. ಅಪ್ಪನೊಬ್ಬನ ಬಸ್ ಚಾರ್ಜಿನಲ್ಲಿ ಇಡೀ ಸಂಸಾರ ಬಿಡದಿ ತಲುಪುತ್ತದೆ. ಮರಳುವಾಗ ಮಾತ್ರ ಒದ್ದೆ ತಲೆಯ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಕಾಯುವ ಧೈರ್ಯ ಬೇಕು. ಆ ಒಂದು ಪಯಣಕ್ಕೆ ಟ್ಯಾಕ್ಸಿಯ ಹಣ ತೆಗೆದಿಡಿ.

85ರೊಳಗಿನ ಮಗುವಿಗೆ ಟಿಕೆಟ್ ಇಲ್ಲವಲ್ಲ, ಈಗಲೇ ಹೋಗಿಬಿಡೋಣ ಎನ್ನುವವರಿಗೆ ಒಂದು ಮಾತು. ಮೇಲಿನ ಲೆಕ್ಕದಲ್ಲಿ ಉಳಿಯುವುದು 1,200, ಮಿಕ್ಕ 6,300 ಹಾಗೆಯೇ ಇದೆ. ಅದು ಅಪ್ಪ ಅಮ್ಮನ ಮೋಜಿನ ಖರ್ಚು. ತಪ್ಪೇನಿಲ್ಲ, ಆದರೆ ಮಗುವಿನ ಹೆಸರಿನಲ್ಲಿ ಬರೆಯಬೇಡಿ.

ಜಾತ್ರೆ, ವಸ್ತುಪ್ರದರ್ಶನ, ಆಟಕ್ಕೊಂದು ಚೀಟಿ

ನಷ್ಟದ ಪಟ್ಟಿಯಲ್ಲಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರೆಯಲ್ಲಿ ಶುರುವಾಗಿ ಸುಮಾರು ಮೂರು ತಿಂಗಳು ನಡೆಯುವ ವಸ್ತುಪ್ರದರ್ಶನ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ, ನಿಮ್ಮ ಊರಿನ ತೇರಿನ ಬಯಲು, ಆಟಗಳ ನಿಯಮ ಎಲ್ಲ ಕಡೆಯೂ ಒಂದೇ: ಹತ್ತಿದ ಆಟಕ್ಕೆ ದುಡ್ಡು. ಮೂರು ವರ್ಷದ ಮಗು ಒಂದು ಸಂಜೆಗೆ ಎಷ್ಟು ಹತ್ತೀತು? ತಿರುಗುವ ಕುದುರೆ ಎರಡು ಸಲ, ಪುಟಾಣಿ ರೈಲು ಒಮ್ಮೆ, ಜಿಗಿಯುವ ಗಾಳಿಮನೆ ಒಮ್ಮೆ, ಅಪ್ಪನ ತೊಡೆಯ ಮೇಲೆ ಕೂತು ತೊಟ್ಟಿಲು ಒಮ್ಮೆ. ನಿಮ್ಮ ಚೀಟಿಯೂ ಸೇರಿ ಆಟಕ್ಕೆ ಸರಾಸರಿ 150 ಎಂದು ಹಿಡಿದರೂ 750. ಬೆಂಡು ಬತ್ತಾಸು, ಮಿರ್ಚಿ, ಜೋಳಕ್ಕೆ 450. ಎರಡು ಗಂಟೆಯ ಸಂತೋಷಕ್ಕೆ 1,200, ಗಂಟೆಗೆ 600. ಮಗು ಮಲಗಿಬಿಟ್ಟರೆ ಎದ್ದು ಮನೆಗೆ ಬರಬಹುದು. ಟಿಕೆಟ್ಟಿನ ದುಡ್ಡು ಹಾಳಾಯಿತೆಂದು ಕಣ್ಣು ಬಾಡಿದ ಮಗುವನ್ನು ಇನ್ನೊಂದು ಆಟಕ್ಕೆ ಎಳೆದೊಯ್ಯುವ ಪಾಪ ಇಲ್ಲಿಲ್ಲ. ನನಗೆ ಹಣಕ್ಕಿಂತ ಇದೇ ದೊಡ್ಡ ಕಾರಣ.

ಕೊರತೆಯೂ ಇದೆ. ಧೂಳು, ಕಿವಿಗಡಚಿಕ್ಕುವ ಸದ್ದು, ಶೌಚಾಲಯದ ಪಾಡು. ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷತೆ. ತಾತ್ಕಾಲಿಕವಾಗಿ ಜೋಡಿಸಿದ ಯಂತ್ರಗಳಲ್ಲಿ ಸೊಂಟಪಟ್ಟಿ, ಸರಳಿನ ಕೊಂಡಿ ಗಟ್ಟಿ ಇವೆಯೇ ಎಂದು ನಿಮ್ಮ ಕೈಯಿಂದಲೇ ಎಳೆದು ನೋಡಿ. ಸಂದೇಹ ಬಂದರೆ ಚೀಟಿ ಹರಿದು ಹಾಕಿ ಕೆಳಗಿಳಿಯಿರಿ. ಹೋಗುವುದು ನೂರು ರೂಪಾಯಿ.

ಬೆಂಗಳೂರಿನ ಮಾಲುಗಳ ಆಟದ ಕೋಣೆಗಳೂ ಇದೇ ಜಾತಿ ಎಂದುಕೊಳ್ಳಬೇಡಿ. ಅಲ್ಲಿ ಕಾರ್ಡಿಗೆ ಮೊದಲೇ ಹಣ ತುಂಬಿಸುತ್ತಾರೆ. ಕೊನೆಗೆ ಉಳಿಯುವ ಎಪ್ಪತ್ತು ರೂಪಾಯಿ ಮುಂದಿನ ಸಲ ಮತ್ತೆ ನಿಮ್ಮನ್ನು ಕರೆಸಿಕೊಳ್ಳುತ್ತದೆ.

ಮೈಸೂರಿನ ಎರಡು ದಿನ

ಪ್ರವಾಸ ಎಂದ ಮೇಲೆ ಒಂದು ರಾತ್ರಿಯಾದರೂ ಹೊರಗೆ ತಂಗಬೇಕು ಎನ್ನುವ ಮನೆಯವರಿಗೆ ನನ್ನ ಮತ ಮೈಸೂರಿಗೆ. ಮೃಗಾಲಯ (1892ರದ್ದು, ಮಂಗಳವಾರ ರಜೆ), ರೈಲ್ವೆ ಮ್ಯೂಸಿಯಂ, ಭಾನುವಾರ ಸಂಜೆಯ ಅರಮನೆಯ ದೀಪ, ಬೇಕಿದ್ದರೆ ಅರ್ಧ ದಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಜಿಆರ್‌ಎಸ್ ಬಿಡದಿಯದಕ್ಕಿಂತ ಚಿಕ್ಕದು. ಪುಟ್ಟ ಕಾಲುಗಳಿಗೆ ಅದು ಕೊರತೆಯಲ್ಲ, ಅನುಕೂಲ.

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ ಬೇಡ. ಐದು ತುಂಬಿದ ಮೇಲೆ ಶತಾಬ್ದಿ, ವಂದೇ ಭಾರತದಂಥ ಕುರ್ಚಿ ಬೋಗಿಗಳಲ್ಲಿ ಪೂರ್ತಿ ದರ. ಅರ್ಧ ಟಿಕೆಟ್ಟಿನ ಕಾಲ ಅಲ್ಲಿ ಮುಗಿದಿದೆ. ಹೋಟೆಲ್ ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿಯ ಒಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಶೇಕಡಾ, ಅದರ ಮೇಲೆ 18. ಹಾಗಾಗಿ 7,600ರ ಕೋಣೆ 7,400ರದ್ದಕ್ಕಿಂತ ಇನ್ನೂರು ಮಾತ್ರ ಹೆಚ್ಚು ಎಂದುಕೊಂಡರೆ ಬಿಲ್ಲಿನಲ್ಲಿ ಸಾವಿರದ ಇನ್ನೂರು ಹೆಚ್ಚಾಗಿರುತ್ತದೆ. ಕೋಣೆ ಹುಡುಕುವಾಗ ಈಜುಕೊಳ, ಉಪಾಹಾರ ನೋಡುವ ಮೊದಲು ಮೃಗಾಲಯಕ್ಕೆ ಎಷ್ಟು ದೂರ ಎಂದು ನೋಡಿ. ಮಧ್ಯಾಹ್ನ ಒಂದೂವರೆಗೆ ಮಗುವನ್ನು ತಂದು ಮಲಗಿಸುವಷ್ಟು ಹತ್ತಿರವಿದ್ದರೆ ನಾಲ್ಕು ಗಂಟೆಯ ಆಟ ಆರು ಗಂಟೆಯಾಗುತ್ತದೆ. ಇಲ್ಲದಿದ್ದರೆ ಸಂಜೆಯ ಅರಮನೆಯ ದೀಪಗಳನ್ನು ನಿಮ್ಮ ಹೆಗಲ ಮೇಲೆ ಗೊರಕೆ ಹೊಡೆಯುವವರ ಪರವಾಗಿ ನೀವೇ ನೋಡಬೇಕು.

ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯನ್ನು ಈ ಸಾಲಿನಲ್ಲಿ ಹಲವರು ಸೇರಿಸುತ್ತಾರೆ. ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆದ್ದರಿಂದ ಯೋಚಿಸಬಹುದು. ಬಸ್ಸಿನಲ್ಲಿ ಕೂರಿಸಿ ಸುತ್ತಿಸುತ್ತಾರೆ, ಮಕ್ಕಳಿಗೆಂದೇ ಒಂದು ಭಾಗ ಇದೆ. ಆದರೆ ಸಿನಿಮಾ ಸೆಟ್ಟು ನೋಡಿ ಬೆರಗಾಗಲು ಮೊದಲು ಸಿನಿಮಾ ಏನೆಂದು ಗೊತ್ತಿರಬೇಕು. ಏಳು ವರ್ಷಕ್ಕೆ ಇಟ್ಟುಕೊಳ್ಳಿ.

ವಿಮಾನ ಹತ್ತುವುದೇ ಆದರೆ

ಹೊರದೇಶದ ಪಾರ್ಕುಗಳಲ್ಲಿ ಟಿಕೆಟ್ಟಿಗೆ ಸಾಮಾನ್ಯವಾಗಿ ಎತ್ತರವಲ್ಲ, ವಯಸ್ಸು ಲೆಕ್ಕ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನಲ್ಲಿ ಮೂರು ತುಂಬುವವರೆಗೆ ಟಿಕೆಟ್ ಇಲ್ಲ. ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ, ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ನಾಲ್ಕು ತುಂಬುವವರೆಗೆ. ಮೂರೂವರೆ ವರ್ಷದ ಮಗುವಿಗೆ ಒಂದೆಡೆ ಟಿಕೆಟ್, ಇನ್ನೆರಡೆಡೆ ಇಲ್ಲ. ಇದನ್ನೇ ನೋಡಿ ಹುಟ್ಟುಹಬ್ಬಕ್ಕೆ ಮೊದಲು ಓಡುವವರನ್ನು ಕಂಡಿದ್ದೇನೆ. ಆದರೆ ವಿಮಾನದಲ್ಲಿ ಎರಡು ವರ್ಷ ತುಂಬಿದ ಕೂಡಲೇ ಮಗುವಿಗೆ ಬೇರೆ ಸೀಟು, ಅಗ್ಗದ ವಿಮಾನಗಳಲ್ಲಿ ಹೆಚ್ಚುಕಡಿಮೆ ದೊಡ್ಡವರ ದರವೇ. ಹೋಗಿಬರುವ ಟಿಕೆಟ್ ತಲೆಗೆ ಮೂವತ್ತು ಸಾವಿರವೆಂದು ಹಿಡಿದರೆ ಮೂವರಿಗೆ ತೊಂಬತ್ತು. ಪಾರ್ಕಿನಲ್ಲಿ ಉಳಿಯುವ ಐದಾರು ಸಾವಿರ ಅದರ ಮುಂದೆ ಸಾರಿಗೆ ಹಾಕಿದ ಇಂಗಿನಷ್ಟು.

ಮೂರರಲ್ಲಿ ಯಾವುದು? ಸಿಂಗಪುರದ ಯೂನಿವರ್ಸಲ್ ದೊಡ್ಡ ಮಕ್ಕಳ ಜಾಗ. ಅಲ್ಲಿನ ಹೆಸರಾಂತ ಟ್ರಾನ್ಸ್‌ಫಾರ್ಮರ್ಸ್ ಆಟಕ್ಕೆ ದೊಡ್ಡವರ ಜೊತೆ ಕೂತರೂ 102 ಸೆಂ.ಮೀ. ಬೇಕು. ಆದರೆ ಆ ಊರಿನಲ್ಲಿ ಪಾರ್ಕಿನ ಹೊರಗೆ ಮಗುವಿಗೆ ಪುಕ್ಕಟೆ ಸಿಗುವುದೇ ಹೆಚ್ಚು. ಗಾರ್ಡನ್ಸ್ ಬೈ ದ ಬೇಯ ಮಕ್ಕಳ ತೋಟದ ನೀರಾಟಕ್ಕೆ ಪ್ರವೇಶಶುಲ್ಕವಿಲ್ಲ. ಹಾಗಾಗಿ ಸಿಂಗಪುರಕ್ಕೆ ಹೋಗಿ ಯೂನಿವರ್ಸಲ್ ಬಿಟ್ಟುಬಿಡುವುದು ನನ್ನ ದೃಷ್ಟಿಯಲ್ಲಿ ಬುದ್ಧಿವಂತಿಕೆ. ಭಾರತೀಯರಿಗೆ ಅಲ್ಲಿ ವೀಸಾ ಬೇಕು, ಮಗುವಿಗೂ ಶುಲ್ಕವುಂಟು. ಹಾಂಗ್‌ಕಾಂಗಿಗೆ ಹದಿನಾಲ್ಕು ದಿನದೊಳಗಿನ ಭೇಟಿಗೆ ಆನ್‌ಲೈನ್ ನೋಂದಣಿ ಸಾಕು, ಅದಕ್ಕೆ ಹಣವಿಲ್ಲ. ಅಲ್ಲಿನ ಡಿಸ್ನಿಲ್ಯಾಂಡ್ ಚಿಕ್ಕದು, ತಳ್ಳುಗಾಡಿಯಲ್ಲಿ ಒಂದು ದಿನದಲ್ಲಿ ಸುತ್ತಿ ಮುಗಿಸಬಹುದು. ದೋಣಿಯಲ್ಲಿ ಕೂತು ಬೊಂಬೆಗಳನ್ನು ನೋಡುವಂಥ, ಎತ್ತರದ ಅಡ್ಡಿಯಿಲ್ಲದ ಆಟಗಳೂ ಸಾಕಷ್ಟಿವೆ. ಪಾರ್ಕಿಗಾಗಿಯೇ ಹೋಗುವುದಾದರೆ ಹಾಂಗ್‌ಕಾಂಗ್. ಟೋಕಿಯೊ ದೂರ, ಜನಜಂಗುಳಿ ಹೆಚ್ಚು, ಸಸ್ಯಾಹಾರಿಗಳಿಗೆ ಕಷ್ಟ; ಕಾಯಬಹುದು.

ಪೂರ್ವಕ್ಕೆ ಹೋಗುವುದರಲ್ಲಿ ಒಂದು ಗಡಿಯಾರದ ಲಾಭವಿದೆ. ಹಾಂಗ್‌ಕಾಂಗ್, ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಮಗುವಿಗೆ ಅಲ್ಲಿ ಹನ್ನೊಂದೂವರೆಯವರೆಗೆ ನಿದ್ದೆ ಬಾರದು. ಅಲ್ಲಿನ ರಾತ್ರಿ ಒಂಬತ್ತರ ದೀಪದ ಆಟ ಅದರ ಮೈಗೆ ಸಂಜೆ ಆರೂವರೆ. ಬೆಳಿಗ್ಗೆ ಎಂಟಕ್ಕೇ ಕೋಣೆಯಿಂದ ಹೊರಡಿಸುವ ಟೂರ್ ಪ್ಯಾಕೇಜ್ ಈ ಲಾಭವನ್ನು ಪೂರ್ತಿ ತಿಂದುಹಾಕುತ್ತದೆ. ಆ ಎಂಟು ಗಂಟೆ ಮಗುವಿಗೆ ಬೆಳಗಿನ ಐದೂವರೆ. ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಎಂದು ಸ್ವಲ್ಪ ಹಣ ಮೊದಲೇ ಹಿಡಿಯುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಡಿ. ಮಗುವಿನ ಪಾಸ್‌ಪೋರ್ಟ್ ಐದೇ ವರ್ಷಕ್ಕೆ. ಒಂದೇ ಪ್ರವಾಸಕ್ಕೆ ಮಾಡಿಸಿದರೆ ಅದೂ ಆ ಪ್ರವಾಸದ ಖರ್ಚೇ.

ಅಮೆರಿಕದಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಗುವಿಗೆ ಮೂರು, ಎಲ್ಲರೂ ಸೇರಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗೋಣ ಎಂಬ ಮಾತು ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. ಅಲ್ಲಿ ಮೂರರಿಂದ ಒಂಬತ್ತು ವರ್ಷದವರೆಗೆ ಮಕ್ಕಳ ದರ, ಹತ್ತರಿಂದ ಎಲ್ಲರಿಗೂ ದೊಡ್ಡವರ ದರ. ಅಜ್ಜ ಅಜ್ಜಿಗೆ ವಯಸ್ಸಿನ ರಿಯಾಯಿತಿಯಿಲ್ಲ, ದಿನಾಂಕಕ್ಕೊಂದು ಬೆಲೆ. ಅಜ್ಜ ಅಜ್ಜಿಗೆ ಮೂರು ದಿನದ ಟಿಕೆಟ್ ಕೊಳ್ಳಬೇಡಿ, ಒಂದು ದಿನ ಸಾಕು. ಇನ್ನೊಂದು ಸಂಜೆ ಡಿಸ್ನಿ ಸ್ಪ್ರಿಂಗ್ಸ್‌ಗೆ ಕರೆದೊಯ್ಯಿರಿ. ಅಲ್ಲಿ ಪ್ರವೇಶಕ್ಕೂ ಕಾರು ನಿಲ್ಲಿಸುವುದಕ್ಕೂ ಹಣವಿಲ್ಲ. ನಮ್ಮ ಪಾರ್ಕುಗಳಂತಲ್ಲದೆ ಅಲ್ಲಿ ಬಿಸಿ ಮಾಡಬೇಕಿಲ್ಲದ ತಿಂಡಿಯನ್ನು ಒಳಗೆ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು ಬೆಳಿಗ್ಗೆ ಚಿತ್ರಾನ್ನ ಕಲಸಿಕೊಂಡು ಹೋದರೆ ಐವರ ಮಧ್ಯಾಹ್ನದ ಊಟದ ಹಣ ಪೂರ್ತಿ ಉಳಿಯುತ್ತದೆ. ನಾನು ಮೇಲೆ ಹೇಳಿದ ಸೋರಿಕೆಗೂ ಅಲ್ಲಿ ಮದ್ದು ಇದೆ: ರೈಡರ್ ಸ್ವಿಚ್. ಒಬ್ಬರು ಆಡುವಾಗ ಇನ್ನೊಬ್ಬರು ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ಆಡಬಹುದು. ಕೇಳಿದರೆ ಮಾತ್ರ ಕೊಡುತ್ತಾರೆ, ಬಾಗಿಲಲ್ಲಿ ನಿಂತವರನ್ನು ಕೇಳಿ.

ಬೆಂಗಳೂರಿನಿಂದ ಮೂರು ವರ್ಷದ ಮಗುವನ್ನು ಡಿಸ್ನಿಗಾಗಿಯೇ ಅಮೆರಿಕಕ್ಕೆ ಕರೆದೊಯ್ಯುವ ಯೋಚನೆ ಇದ್ದರೆ, ತಲೆಗೆ 185 ಡಾಲರಿನ ವೀಸಾ ಅರ್ಜಿಯ ಹಂತದಲ್ಲೇ ನಿಲ್ಲಿಸಿ.

ನನ್ನ ಆಯ್ಕೆ

ಮಗು 105 ಸೆಂ.ಮೀ. ಮುಟ್ಟುವವರೆಗೆ ಜಾತ್ರೆ, ವಸ್ತುಪ್ರದರ್ಶನ, ವರ್ಷಕ್ಕೊಮ್ಮೆ ಮೈಸೂರು. 110ರ ಆಸುಪಾಸಿನಲ್ಲಿ, ಇನ್ನೊಂದು ಕುಟುಂಬದ ಜೊತೆ, ಬಿಡದಿ. ಆಗ ಅದೇ 7,500 ರೂಪಾಯಿಗೆ ಆರು ಗಂಟೆ ಆಡುತ್ತದೆ, ಗಂಟೆಗೆ 1,250. ವಿಮಾನದ ಪ್ರವಾಸ ಅದಕ್ಕೂ ಆಮೇಲೆ. ಯಾವುದೇ ಆದರೂ ಒಟ್ಟು ಮೊತ್ತದ ಹತ್ತನೆಯ ಒಂದು ಭಾಗವನ್ನು ನಾನು ಜ್ವರದ ಬಾಬ್ತು ಎಂದು ತೆಗೆದಿಡುತ್ತೇನೆ. ಹೊರಡುವ ಹಿಂದಿನ ರಾತ್ರಿ ಮೈ ಬಿಸಿಯಾಗುವ ಕಲೆ ಈ ವಯಸ್ಸಿನವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ದಿನಾಂಕ ಬದಲಾಯಿಸಲು ಬಿಡುವ ಟಿಕೆಟ್ಟಿಗೆ ನೂರಿನ್ನೂರು ಹೆಚ್ಚಾದರೂ ಅದನ್ನೇ ಕೊಳ್ಳಿ.

ಇನ್ನು, ಕೌಂಟರಿನಲ್ಲಿ ಅಳೆಯುವ ಮೊದಲು ಮಗುವಿನ ಚಪ್ಪಲಿ ಬಿಚ್ಚಿಸಿ, ಜುಟ್ಟು ಇಳಿಸಿ. ದಪ್ಪ ಅಟ್ಟೆಯ ಸ್ಯಾಂಡಲ್ ಎರಡು ಸೆಂಟಿಮೀಟರ್ ಇರುತ್ತದೆ. ನಮ್ಮ ಚೌಕಟ್ಟಿನ 84ರ ಗೆರೆ ಒಮ್ಮೆ ಕೌಂಟರಿನ ಗೋಡೆಯಲ್ಲಿ 86 ಆದದ್ದು ಹಾಗೆಯೇ.